ರೆಕ್ಕೆಗೆ ವಿಜಿ ಹಾಕಿಸಿದರೆ ನಮ್ಮ ಸೆಸ್ನಾ ಬೇಗ ಏರುತ್ತದಾ?

ಪ್ರಶ್ನೆ: ಪುಣೆಯಲ್ಲಿ ಹೋಟೆಲ್ ನಡೆಸುತ್ತಿದ್ದೇನೆ, ಊರು ಕುಂದಾಪುರದ ಕಡೆ. ನಾವು ಮೂವರು ಗೆಳೆಯರು ಸೇರಿ 1978ರ ಒಂದು ಸೆಸ್ನಾ 172ಎನ್ ಇಟ್ಟುಕೊಂಡಿದ್ದೇವೆ. ಮೂವರಿಗೂ ಲೈಸೆನ್ಸ್ ಇದೆ. ವಿಮಾನ ಬಾರಾಮತಿಯಲ್ಲಿ ನಿಲ್ಲುತ್ತದೆ. ಚಳಿಗಾಲದಲ್ಲಿ ಏನೂ ತಕರಾರಿಲ್ಲ. ಏಪ್ರಿಲ್-ಮೇ ಬಂತೆಂದರೆ ಏರುವುದೇ ಇಲ್ಲ. ಮೂವರೂ ಕೂತು, ಟ್ಯಾಂಕ್ ತುಂಬಿಸಿಕೊಂಡು ಹೊರಟರೆ ನಿಮಿಷಕ್ಕೆ 300–350 ಅಡಿ ಸಿಕ್ಕರೆ ಪುಣ್ಯ. ರನ್‌ವೇ ಸಾಕಷ್ಟಿದೆ, ಆ ಚಿಂತೆಯಿಲ್ಲ. ಆದರೆ ಘಟ್ಟ ದಾಟಿ ಗೋವಾ ಕಡೆ ಹೋಗುವಾಗ ಎದೆ ಡವಡವ ಅನ್ನುತ್ತದೆ. ಹ್ಯಾಂಗರ್‌ನಲ್ಲಿ ಒಬ್ಬರು ವೋರ್ಟೆಕ್ಸ್ ಜನರೇಟರ್ (ವಿಜಿ) ಹಾಕಿಸಿ ಅಂತಾರೆ. ಇನ್ನೊಬ್ಬರು ಸ್ಟೋಲ್ ಕಿಟ್ (ಗಿಡ್ಡ ರನ್‌ವೇಯಲ್ಲಿ ಏಳಲು, ಇಳಿಯಲು ರೆಕ್ಕೆಗೆ ಹಾಕುವ ಸಾಮಾನು) ಅಂತಾರೆ. ಮತ್ತೊಬ್ಬರು ದೊಡ್ಡ ವಿಮಾನಗಳ ಹಾಗೆ ರೆಕ್ಕೆ ತುದಿಗೆ ವಿಂಗ್ಲೆಟ್ (ಮೇಲಕ್ಕೆ ಬಾಗಿದ ತುದಿ) ಕೂರಿಸಿ ಅಂತಾರೆ. ಕಾಗದದಲ್ಲಿ ಖಾಲಿ ತೂಕ 670 ಕಿಲೋ ಇದೆ. ಎಂಜಿನ್ ಕಂಪ್ರೆಷನ್ ಚೆನ್ನಾಗಿದೆ ಅಂತ ಹೇಳಿದ್ದಾರೆ. ಯಾವುದಕ್ಕೆ ದುಡ್ಡು ಹಾಕೋಣ?

ಉತ್ತರ: ನಿಮ್ಮ ಪತ್ರದಲ್ಲೇ ಅರ್ಧ ಉತ್ತರ ಇದೆ. ರನ್‌ವೇ ಸಾಕಷ್ಟಿದೆ ಅಂತ ನೀವೇ ಬರೆದಿದ್ದೀರಿ. ಹ್ಯಾಂಗರ್‌ನಲ್ಲಿ ಹೇಳಿದ ಮೂರು ಸಾಮಾನುಗಳಲ್ಲಿ ಎರಡು ಇರುವುದೇ ರನ್‌ವೇ ಸಾಲದವರಿಗಾಗಿ. ನಿಮ್ಮ ತೊಂದರೆ ನೆಲ ಬಿಟ್ಟ ಮೇಲೆ ಶುರುವಾಗುತ್ತದೆ. ಹಾಗಾಗಿ ಯಾವುದನ್ನು ಹಾಕಿಸೋಣ ಅನ್ನುವುದಕ್ಕೆ ಮೊದಲು, ಏನು ಕಡಿಮೆಯಾಗಿದೆ ಅಂತ ನೋಡೋಣ.

ಮೊದಲು ಗಾಳಿಯ ಲೆಕ್ಕ. ಪುಣೆಯ ಲೋಹೆಗಾಂವ್ ಸಮುದ್ರಮಟ್ಟದಿಂದ 1,942 ಅಡಿ ಮೇಲಿದೆ. ಬಾರಾಮತಿಯೂ ಹೆಚ್ಚುಕಮ್ಮಿ ಅದೇ ಎತ್ತರ. ವಿಮಾನದ ಲೆಕ್ಕಾಚಾರಕ್ಕೆ ಇಟ್ಟುಕೊಂಡ ಮಾದರಿ ವಾತಾವರಣದಲ್ಲಿ ಆ ಎತ್ತರಕ್ಕೆ 11 ಡಿಗ್ರಿ ಇರಬೇಕು. ಏಪ್ರಿಲ್ ಮಧ್ಯಾಹ್ನ ಅಲ್ಲಿ 40 ಇರುತ್ತದೆ, ಅಂದರೆ 29 ಡಿಗ್ರಿ ಜಾಸ್ತಿ. ಹೆಚ್ಚಾದ ಒಂದೊಂದು ಡಿಗ್ರಿಗೂ ಎತ್ತರಕ್ಕೆ ಸುಮಾರು 120 ಅಡಿ ಸೇರಿಸಬೇಕು. ಬೇಸಿಗೆಯಲ್ಲಿ ಗಾಳಿಯ ಒತ್ತಡವೂ ಇಳಿದಿರುತ್ತದೆ. ಅದು ಮಾದರಿಯ 1013ರ ಬದಲು 1005 ಹೆಕ್ಟೋಪಾಸ್ಕಲ್ ಇದ್ದರೆ ಇನ್ನೂ 240 ಅಡಿ ಸೇರಿತು. ಎಲ್ಲ ಕೂಡಿದರೆ ಡೆನ್ಸಿಟಿ ಆಲ್ಟಿಟ್ಯೂಡ್, ಅಂದರೆ ಗಾಳಿಯ ಸಾಂದ್ರತೆಯ ಲೆಕ್ಕದಲ್ಲಿ ವಿಮಾನಕ್ಕೆ ಅನ್ನಿಸುವ ಎತ್ತರ, 5,600 ಅಡಿ ದಾಟುತ್ತದೆ. ಮಹಾರಾಷ್ಟ್ರದ ಅತಿ ಎತ್ತರದ ಬೆಟ್ಟ ಕಳಸೂಬಾಯಿ ಇರುವುದೇ 5,400 ಅಡಿ. ನಿಮ್ಮ ಚಕ್ರ ಬಯಲುಸೀಮೆಯ ನೆಲದ ಮೇಲಿದ್ದರೂ ರೆಕ್ಕೆ, ಎಂಜಿನ್, ಪ್ರೊಪೆಲರ್ ಮೂರೂ ಕಳಸೂಬಾಯಿಯ ತುದಿಗಿಂತ ಮೇಲಿವೆ.

ಆ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಶೇಕಡ 85ರಷ್ಟು ಮಾತ್ರ. ಎಂಜಿನ್ ಅದಕ್ಕಿಂತ ಸ್ವಲ್ಪ ಜಾಸ್ತಿಯೇ ಸೊರಗುತ್ತದೆ. 160 ಹಾರ್ಸ್‌ಪವರ್ ಎಂಜಿನ್ 130ರ ಆಸುಪಾಸು ಬಂದು ನಿಲ್ಲುತ್ತದೆ. ಅದೂ 2,700 ಆರ್‌ಪಿಎಂ ತಿರುಗಿದರೆ. ನಿಮ್ಮದು ಪಿಚ್ (ಅಲಗಿನ ಓರೆ) ಬದಲಿಸಲಾಗದ ಪ್ರೊಪೆಲರ್. ಏರುವಾಗ ಅದು 2,700 ಮುಟ್ಟುವುದಿಲ್ಲ. ಆದ್ದರಿಂದ ನಿಜವಾಗಿ ಸಿಗುವುದು 130ಕ್ಕಿಂತಲೂ ಕಡಿಮೆ.

ಹಾಗಂತ ಎಲ್ಲವನ್ನೂ ಬಿಸಿಲಿನ ತಲೆಗೆ ಕಟ್ಟಬೇಡಿ. ನಿಮ್ಮ ವಿಮಾನದ ಪುಸ್ತಕ ತೆಗೆದು ಏರುವ ವೇಗದ ಕೋಷ್ಟಕ ನೋಡಿ. ಪೂರ್ತಿ ತೂಕ, 2,000 ಅಡಿ, 40 ಡಿಗ್ರಿ ಅನ್ನುವ ಮನೆಯಲ್ಲಿ ಇರುವ ಅಂಕಿ ನಿಮಿಷಕ್ಕೆ ಐನೂರು ಅಡಿಗಿಂತ ಮೇಲಿದೆ. ಬಿಸಿಲನ್ನು ಲೆಕ್ಕಕ್ಕೆ ಹಿಡಿದ ಮೇಲೂ ಐನೂರು! ನಿಮಗೆ ಸಿಗುತ್ತಿರುವುದು 325. ಉಳಿದ ಇನ್ನೂರು ಅಡಿ ಎಲ್ಲಿ ಹೋಯಿತು?

ಆ ಇನ್ನೂರು ಅಡಿಯನ್ನು ಹಾರ್ಸ್‌ಪವರ್ ಲೆಕ್ಕಕ್ಕೆ ತರೋಣ. ಸೂತ್ರ ಸುಲಭ. ಮಟ್ಟವಾಗಿ ಹಾರಲು ಬೇಕಾದ ಶಕ್ತಿ ಕಳೆದು ಉಳಿದದ್ದೆಷ್ಟೋ ಅದನ್ನು 33,000ದಿಂದ ಗುಣಿಸಿ. ಪೌಂಡ್ ಲೆಕ್ಕದ ತೂಕದಿಂದ ಭಾಗಿಸಿ. ನಿಮಿಷಕ್ಕೆ ಎಷ್ಟು ಅಡಿ ಏರುತ್ತೀರಿ ಅಂತ ಬರುತ್ತದೆ. ನಿಮ್ಮ 172ಎನ್‌ನ ಗರಿಷ್ಠ ತೂಕ 2,300 ಪೌಂಡ್, ಅಂದರೆ 1,043 ಕಿಲೋ. ಇನ್ನೂರು ಅಡಿ ಕಡಿಮೆ ಅಂದರೆ ಪ್ರೊಪೆಲರ್ ಕಡೆ 14 ಹಾರ್ಸ್‌ಪವರ್ ಕಡಿಮೆ. ಪ್ರೊಪೆಲರ್ ತನ್ನ ಪಾಲು ತಿಂದೇ ಕೊಡುತ್ತದಲ್ವಾ, ಹಾಗಾಗಿ ಎಂಜಿನ್ ಕಡೆಯಿಂದ ನೋಡಿದರೆ ಹತ್ತಿರ ಹತ್ತಿರ 20. ಎಂಜಿನ್ ಅಷ್ಟು ಕಡಿಮೆ ಕೊಡುತ್ತಿರಬೇಕು, ಇಲ್ಲವೇ ಅಷ್ಟಕ್ಕೆ ಸಮನಾದ ಭಾರವನ್ನು ನೀವು ಹೊರಿಸಿರಬೇಕು. ಹೆಚ್ಚಾಗಿ ಎರಡೂ ಸ್ವಲ್ಪ ಸ್ವಲ್ಪ ಸೇರಿರುತ್ತವೆ.

ರೆಕ್ಕೆಗೆ ಅಂಟಿಸುವ ಯಾವ ಸಾಮಾನೂ 20 ಹಾರ್ಸ್‌ಪವರ್ ತಂದುಕೊಡುವುದಿಲ್ಲ.

ಹ್ಯಾಂಗರ್ ಮಾತುಗಳು, ಒಂದೊಂದಾಗಿ

ಎಲ್ಲಕ್ಕಿಂತ ಹಳೆಯ ತಪ್ಪು ತಿಳಿವಳಿಕೆ ಒಂದಿದೆ. ಏರಬೇಕಾದರೆ ರೆಕ್ಕೆ ತೂಕಕ್ಕಿಂತ ಜಾಸ್ತಿ ಎತ್ತಬೇಕು, ಹಾಗಾಗಿ ಎತ್ತುವ ಬಲ ಹೆಚ್ಚಿಸುವ ಸಾಮಾನು ಹಾಕಿದರೆ ಜಾಸ್ತಿ ಏರುತ್ತದೆ ಅನ್ನುವುದು. ಕೇಳಲು ಸರಿ ಅನ್ನಿಸುತ್ತದೆ, ಆದರೆ ಸರಿಯಲ್ಲ. ಒಂದೇ ವೇಗದಲ್ಲಿ ಏರುತ್ತಿರುವ ವಿಮಾನದ ರೆಕ್ಕೆ ಎತ್ತುವ ಬಲ ಅದರ ತೂಕಕ್ಕಿಂತ ಕೂದಲೆಳೆಯಷ್ಟು ಕಡಿಮೆಯೇ ಇರುತ್ತದೆ. ಮೇಲಕ್ಕೆ ಒಯ್ಯುವುದು ಎಂಜಿನ್‌ನ ಹೆಚ್ಚುವರಿ ಶಕ್ತಿ. ರೆಕ್ಕೆ ಹೊರುತ್ತದೆ ಅಷ್ಟೆ.

ಈಗ ವೋರ್ಟೆಕ್ಸ್ ಜನರೇಟರ್, ಬಾಯಿಮಾತಿನಲ್ಲಿ ವಿಜಿ. ಉಗುರಿನಷ್ಟು ದೊಡ್ಡ ತಗಡಿನ ಚೂರುಗಳು. ರೆಕ್ಕೆಯ ಮುಂಭಾಗದಲ್ಲಿ ಸಾಲಾಗಿ ಅಂಟಿಸುತ್ತಾರೆ. ರೆಕ್ಕೆಯ ಮೈಗೆ ತಾಗಿ ಹರಿಯುವ ಗಾಳಿ ನಿಧಾನವಾಗಿ ಸುಸ್ತಾಗಿರುತ್ತದೆ. ಈ ಚೂರುಗಳು ಸಣ್ಣ ಸುಳಿ ಎಬ್ಬಿಸಿ, ಮೇಲಿನ ಚುರುಕು ಗಾಳಿಯನ್ನು ಕೆಳಗೆಳೆದು ಅದಕ್ಕೆ ಬೆರೆಸುತ್ತವೆ. ಆಗ ಗಾಳಿ ರೆಕ್ಕೆಯನ್ನು ಬೇಗ ಬಿಡುವುದಿಲ್ಲ. ಸ್ಟಾಲ್ ಆಗುವ, ಅಂದರೆ ಗಾಳಿ ಕೈಬಿಟ್ಟು ರೆಕ್ಕೆ ತೂಕ ಹೊರಲಾಗದೆ ಹೋಗುವ, ವೇಗ ಕೆಲವು ನಾಟ್ ಇಳಿಯುತ್ತದೆ. ನಿಧಾನ ಹಾರುವಾಗ ಏಲರಾನ್ (ವಿಮಾನವನ್ನು ಎಡಬಲಕ್ಕೆ ವಾಲಿಸುವ ರೆಕ್ಕೆಯ ಹಿಂಬದಿ ಪಟ್ಟಿ) ಚೆನ್ನಾಗಿ ಮಾತು ಕೇಳುತ್ತದೆ. ಒಳ್ಳೆಯ ಸಾಮಾನೇ. ಗಿಡ್ಡ ರನ್‌ವೇಗಳಲ್ಲಿ ಇಳಿದೇಳುವವರಿಗೆ ನಾನೇ ಹಾಕಿಸಿ ಅನ್ನುತ್ತೇನೆ. ಆದರೆ ನೀವು ಏರುವುದು 72 ನಾಟ್ ಆಸುಪಾಸಿನಲ್ಲಿ. ಅಲ್ಲಿ ನಿಮ್ಮ ರೆಕ್ಕೆ ಸ್ಟಾಲ್‌ನಿಂದ ಬಹಳ ದೂರ ಇದೆ, ಗಾಳಿ ತಾನಾಗಿಯೇ ಅಂಟಿಕೊಂಡಿದೆ. ಅಲ್ಲಿ ವಿಜಿಗೆ ಕೆಲಸವೇ ಇಲ್ಲ. ಖಂಬಾಟಕಿ ಘಾಟ್‌ನಲ್ಲಿ ಏದುಸಿರು ಬಿಡುವ ಲಾರಿಗೆ ಹೊಸ ಬ್ರೇಕ್ ಹಾಕಿಸಿದ ಹಾಗೆ. ಬ್ರೇಕ್ ಬೇಕು, ನಿಜ. ಏರು ಹತ್ತಿಸುವುದು ಅದಲ್ಲ.

ವಿಜಿ ಹಾಕಿಸಿದವರು "ಈಗ ಚೆನ್ನಾಗಿ ಏರುತ್ತೆ" ಅನ್ನುತ್ತಾರಲ್ಲ ಅಂತ ಕೇಳಬಹುದು. ಅವರು ಸುಳ್ಳು ಹೇಳುತ್ತಿಲ್ಲ. ನಿಧಾನ ವೇಗದಲ್ಲಿ ಧೈರ್ಯ ಬಂದು ಮೂತಿ ಮೇಲೆತ್ತಿ ಏರುತ್ತಾರೆ. ಮುಂದೆ ಬರೀ ಆಕಾಶ ಕಾಣುತ್ತದೆ. ಹಾಗೆ ಏರಿದರೆ ಕೋನ ಕಡಿದಾಗುವುದುಂಟು. ರನ್‌ವೇ ಕೊನೆಯಲ್ಲಿ ತೆಂಗಿನ ತೋಟ ಇದ್ದರೆ ಅದು ಉಪಯೋಗಕ್ಕೆ ಬರುತ್ತದೆ. ಆದರೆ ನಿಮಿಷಕ್ಕೆ ಎಷ್ಟು ಅಡಿ ಅನ್ನುವುದು ಹೆಚ್ಚುವುದಿಲ್ಲ, ಕೆಲವೊಮ್ಮೆ ಇಳಿಯುತ್ತದೆ. ಸುಡುಬಿಸಿಲಲ್ಲಿ ಅದು ಅಪಾಯ ಕೂಡ. 60 ನಾಟ್‌ನಲ್ಲಿ ಮೂತಿ ಎತ್ತಿ ಹಿಡಿದರೆ ಗಾಳಿ ಹಿಂದಕ್ಕೆಳೆಯುವ ಎಳೆತ ಹೆಚ್ಚಾಗುತ್ತದೆ, ಎಂಜಿನ್‌ಗೆ ತಂಪುಗಾಳಿ ಕಡಿಮೆಯಾಗುತ್ತದೆ, ಎಣ್ಣೆ ಕಾಯುತ್ತದೆ. ಏರುತ್ತಿಲ್ಲ ಅಂತ ಮೂತಿ ಇನ್ನಷ್ಟು ಎತ್ತಿದರೆ ಇನ್ನಷ್ಟು ಕಡಿಮೆ ಏರುತ್ತೀರಿ. ನಿಮ್ಮ ಮೂವರಲ್ಲಿ ಯಾರಿಗಾದರೂ ಈ ಅಭ್ಯಾಸ ಇದೆಯಾ ನೋಡಿಕೊಳ್ಳಿ.

ಸ್ಟೋಲ್ ಕಿಟ್‌ನ ಕಥೆಯೂ ಇದೇ. ರೆಕ್ಕೆಯ ಮುಂಚೂಣಿಗೆ ದಪ್ಪನೆಯ, ಸ್ವಲ್ಪ ಕೆಳಕ್ಕೆ ಬಾಗಿದ ಹೊದಿಕೆ, ಅಲ್ಲಲ್ಲಿ ಸಣ್ಣ ತಡೆಗೋಡೆಗಳು, ಏಲರಾನ್ ಸಂದಿಗೆ ಮುಚ್ಚಿಗೆ. ನಿಧಾನ ಹಾರಾಟಕ್ಕೆ ಇದು ವಿಜಿಗಿಂತಲೂ ಗಟ್ಟಿ. ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲ.

ವಿಂಗ್ಲೆಟ್ ಮಾತ್ರ ಸ್ವಲ್ಪ ಬೇರೆ. ಅದರ ಹಿಂದಿನ ವಿಜ್ಞಾನ ನಿಮ್ಮ ಸಮಸ್ಯೆಗೆ ನಿಜವಾಗಿಯೂ ಸಂಬಂಧಪಟ್ಟಿದೆ. ಏರುವ ವೇಗದಲ್ಲಿ ಒಟ್ಟು ಎಳೆತದ ಅರ್ಧದಷ್ಟು ಬರುವುದು, ತೂಕ ಹೊರುವ ಕೆಲಸಕ್ಕೇ ರೆಕ್ಕೆ ತೆರುವ ಬೆಲೆಯಿಂದ. ರೆಕ್ಕೆ ಉದ್ದವಾದಷ್ಟೂ ಆ ಬೆಲೆ ಕಡಿಮೆ. ಆದರೆ ಎಷ್ಟು? ನಿಮ್ಮ ರೆಕ್ಕೆ ತುದಿಯಿಂದ ತುದಿಗೆ ಸುಮಾರು 36 ಅಡಿ. ಹೊಸ ತುದಿಗಳಿಂದ ಅದು 37 ಆದಷ್ಟು ಲಾಭ ಸಿಕ್ಕಿತು ಅಂದುಕೊಳ್ಳಿ. ಆ ಬಗೆಯ ಎಳೆತ ಶೇಕಡ 5 ಇಳಿಯುತ್ತದೆ, ಒಟ್ಟು ಎಳೆತ ಶೇಕಡ ಎರಡೂವರೆ. ಹಾರ್ಸ್‌ಪವರ್ ಲೆಕ್ಕದಲ್ಲಿ ಒಂದೂವರೆಯಷ್ಟು, ಏರುವ ಲೆಕ್ಕದಲ್ಲಿ ನಿಮಿಷಕ್ಕೆ 20 ಅಡಿ. ತುದಿಗಳ ಸ್ವಂತ ಭಾರ ಅದರಲ್ಲೂ ಸ್ವಲ್ಪ ತಿನ್ನುತ್ತದೆ. ತುದಿಯಲ್ಲಿ ಹೊರೆ ಹೆಚ್ಚಿದರೆ ರೆಕ್ಕೆಯ ಬುಡಕ್ಕೆ ಬೀಳುವ ಬಾಗುಬಲವೂ ಹೆಚ್ಚುತ್ತದೆ, 1978ರ ರೆಕ್ಕೆಗೆ ಅದನ್ನೂ ಯೋಚಿಸಬೇಕು. ದೊಡ್ಡ ಜೆಟ್‌ಗಳು ಗಂಟೆಗಟ್ಟಲೆ ಮೇಲೆ ಹಾರಿ ಉಳಿಸುವ ಇಂಧನಕ್ಕೆ ಆ ಖರ್ಚು ಗಿಟ್ಟುತ್ತದೆ. ನಿಮಗೆ 20 ಅಡಿಗೆ ಗಿಟ್ಟುವುದಿಲ್ಲ.

ಕಾಣೆಯಾದ 20 ಹಾರ್ಸ್‌ಪವರ್ ಎಲ್ಲಿದೆ

ಮೊದಲು ತಕ್ಕಡಿ. ನೀವು ಹೇಳಿದ್ದಕ್ಕೆ ನನ್ನ ಅಂದಾಜು ಸೇರಿಸಿ ಕೂಡಿಸಿದೆ. ಖಾಲಿ ತೂಕ 670. ಮಾಮೂಲಿ ಟ್ಯಾಂಕಿನಲ್ಲಿ ಬಳಸಬಹುದಾದ 40 ಗ್ಯಾಲನ್ ಅವ್‌ಗ್ಯಾಸ್ 109 ಕಿಲೋ. ತಲಾ 85ರಂತೆ ಮೂವರು, 255. ಬ್ಯಾಗು, ನೀರು, ಎಳೆಯುವ ರಾಡು, ಕವರು ಸೇರಿ 20. ಒಟ್ಟು 1,054 ಕಿಲೋ. ನಿಮ್ಮ ಮಿತಿ 1,043. ಮಾರಾಯ್ರೆ, ಹೊರಡುವ ಮೊದಲೇ ಮಿತಿ ದಾಟಿದ್ದೀರಿ. ಹೋಟೆಲ್ ಊಟ ಮಾಡುವವರಿಗೆ ತಲಾ 85 ಅನ್ನುವುದು ನನ್ನ ಔದಾರ್ಯ ಬೇರೆ.

ಇನ್ನು ಆ 670 ನಿಜವೇ ಅಂತ ಯಾರು ನೋಡಿದ್ದಾರೆ? ಹಳೆಯ ವಿಮಾನಗಳು ವರ್ಷ ಹೋದ ಹಾಗೆ ದಪ್ಪಗಾಗುತ್ತವೆ. ಹಳೆ ಬಣ್ಣದ ಮೇಲೆ ಹೊಸ ಬಣ್ಣ, ಸತ್ತುಹೋದ ರೇಡಿಯೋದ ಕಿತ್ತೆಸೆಯದ ತಂತಿಗಳು, ಸೀಟಿಗೆ ದಪ್ಪ ಕುಶನ್, ನೆಲಹಾಸಿನ ಅಡಿಯಲ್ಲಿ ಸೇರಿಕೊಂಡ ಧೂಳುಮಣ್ಣು. ಕಾಗದದಲ್ಲಿ ಕೂಡಿಸಿ ಕಳೆದ ಅಂಕಿಗೂ ತಕ್ಕಡಿಯ ಅಂಕಿಗೂ 15–20 ಕಿಲೋ ವ್ಯತ್ಯಾಸ ಬಂದರೆ ನನಗೆ ಆಶ್ಚರ್ಯ ಆಗುವುದಿಲ್ಲ. ಒಂದು ಸಲ ವಿಮಾನವನ್ನು ತೂಕಕ್ಕೆ ಹಾಕಿಸಿ. ವಿಂಗ್ಲೆಟ್‌ಗೆ ಹೋಲಿಸಿದರೆ ಅದರ ಖರ್ಚು ಏನೇನೂ ಅಲ್ಲ.

ತೂಕಕ್ಕೆ ನಾನು ಇಷ್ಟು ಒತ್ತು ಕೊಡಲು ಕಾರಣ ಇದೆ. ತೂಕ ಇಳಿಸಿದರೆ ಎರಡು ಕಡೆ ಲಾಭ. ಮಟ್ಟವಾಗಿ ಹಾರಲು ಬೇಕಾದ ಶಕ್ತಿ ಇಳಿಯುತ್ತದೆ, ಉಳಿದ ಶಕ್ತಿ ಎತ್ತಬೇಕಾದ ಭಾರವೂ ಇಳಿಯುತ್ತದೆ. ಅದಕ್ಕೇ ತೂಕ ಶೇಕಡ 10 ಇಳಿದರೆ ಏರುವ ವೇಗ ಶೇಕಡ 10 ಅಲ್ಲ, ಕಾಲು ಭಾಗಕ್ಕೂ ಜಾಸ್ತಿ ಹೆಚ್ಚುತ್ತದೆ. ಇಬ್ಬರೇ ಹೋಗಿ, ಅರ್ಧ ಟ್ಯಾಂಕ್ ಹಾಕಿಕೊಂಡರೆ ಒಟ್ಟು 915 ಕಿಲೋ. ಅಂದರೆ ಮಿತಿಗಿಂತ ಶೇಕಡ 12 ಕೆಳಗೆ. ಅದೇ ಬಿಸಿಲು, ಅದೇ ರನ್‌ವೇ, ವಿಮಾನ ಮಾತ್ರ ಬೇರೆಯದೇ ಅನ್ನಿಸುತ್ತದೆ. ಮೂವರೂ ಹೋಗಲೇಬೇಕಾದರೆ ಕೊಲ್ಹಾಪುರದಂಥ ಜಾಗದಲ್ಲಿ ಅವ್‌ಗ್ಯಾಸ್ ಸಿಗುತ್ತದಾ ಅಂತ ಮೊದಲೇ ಫೋನ್ ಮಾಡಿ ಕೇಳಿ. ಸಿಗುವುದಾದರೆ ಇಲ್ಲಿಂದಲೇ ಪೂರ್ತಿ ತುಂಬಿಸಿಕೊಂಡು ಹೋಗುವುದೇಕೆ? ಮೀಸಲು ಇಂಧನದ ನಿಯಮವನ್ನು ಮಾತ್ರ ಮುಟ್ಟಬೇಡಿ.

ಎರಡನೆಯದು ಮಿಕ್ಸ್ಚರ್, ಅಂದರೆ ಗಾಳಿಗೆ ಎಷ್ಟು ಇಂಧನ ಬೆರೆಸುವುದು ಅನ್ನುವುದು. 3,000 ಅಡಿಗಿಂತ ಎತ್ತರದ ಫೀಲ್ಡ್‌ನಿಂದ (ವಿಮಾನ ಇಳಿದೇಳುವ ನೆಲ) ಹೊರಡುವಾಗ ಮಿಕ್ಸ್ಚರ್ ತೆಳುವಾಗಿಸಿ, ಅಂದರೆ ಇಂಧನ ಕಡಿಮೆ ಮಾಡಿ, ಅಂತ ನಿಮ್ಮ ಪುಸ್ತಕ ಹೇಳುತ್ತದೆ. ನಮ್ಮದು 1,900 ಅಡಿ ತಾನೇ ಅಂತ ಎಲ್ಲರೂ ಮಿಕ್ಸ್ಚರ್‌ನ ಕೆಂಪು ಗುಂಡಿಯನ್ನು ಪೂರ್ತಿ ಒಳಗೆ ಒತ್ತಿಯೇ ಹೊರಡುತ್ತಾರೆ. ಎಂಜಿನ್‌ಗೆ ಫೀಲ್ಡ್‌ನ ಎತ್ತರ ಗೊತ್ತಿಲ್ಲ, ಗಾಳಿಯ ಸಾಂದ್ರತೆ ಮಾತ್ರ ಗೊತ್ತು. ಎಂಜಿನ್ ತಯಾರಿಸಿದ ಲೈಕಮಿಂಗ್ ಕಂಪನಿಯ ಸಲಹೆ ಡೆನ್ಸಿಟಿ ಆಲ್ಟಿಟ್ಯೂಡ್‌ಗೇ ಸಂಬಂಧಪಟ್ಟದ್ದು. ಅದು 5,000 ಅಡಿ ಅಥವಾ ಮೇಲಿದ್ದರೆ, ಪಿಚ್ ಬದಲಾಗದ ಪ್ರೊಪೆಲರ್ ಇರುವ ಇಂಥ ಎಂಜಿನ್‌ನಲ್ಲಿ ಬ್ರೇಕ್ ಹಿಡಿದು, ಪೂರ್ತಿ ಥ್ರಾಟಲ್ ಕೊಟ್ಟು, ಆರ್‌ಪಿಎಂ ಗರಿಷ್ಠಕ್ಕೆ ಬರುವವರೆಗೆ ತೆಳುವಾಗಿಸಬೇಕು. ಆಮೇಲೆ ಒಂದು ಚೂರು ಒಳಗೆ ಒತ್ತಿ ಬಿಡಿ. ಅತಿಯಾಗಿ ತೆಳುವಾದರೆ ಸಿಲಿಂಡರ್ ತಲೆ ಕಾಯುತ್ತದೆ, ಡಿಟೊನೇಷನ್ (ಸಿಲಿಂಡರ್ ಒಳಗೆ ಇಂಧನ ಒಮ್ಮೆಲೇ ಸಿಡಿಯುವುದು) ಭಯವೂ ಇದೆ. ಮೊದಲ ಸಲ ನಿಮ್ಮ ಇನ್‌ಸ್ಟ್ರಕ್ಟರ್ ಜತೆಗೆ ಮಾಡಿ.

ಮೂರನೆಯದು ಎಂಜಿನ್. ಕಂಪ್ರೆಷನ್ ಚೆನ್ನಾಗಿದೆ ಅಂದಿದ್ದಾರೆ, ಒಪ್ಪಿದೆ. ಆದರೆ ಕಂಪ್ರೆಷನ್ ಪರೀಕ್ಷೆ ಹೇಳುವುದು ರಿಂಗ್, ವಾಲ್ವ್‌ಗಳ ಬಿಗಿತವನ್ನು ಮಾತ್ರ. ವಾಲ್ವ್ ಎಷ್ಟು ತೆರೆಯುತ್ತದೆ ಅಂತ ಅದು ಹೇಳುವುದಿಲ್ಲ. ನಿಮ್ಮ ಮಾಡೆಲ್‌ನಲ್ಲಿ ಬಂದದ್ದು ಓ-320-ಎಚ್2ಎಡಿ. ವಾಲ್ವ್ ತೆರೆಸುವ ಕ್ಯಾಮ್‌ಶಾಫ್ಟ್ ಮತ್ತು ಟ್ಯಾಪೆಟ್ ಸವೆತಕ್ಕೆ ಹೆಸರಾದ ಎಂಜಿನ್ ಅದು. ಅದಕ್ಕೇ ಎಣ್ಣೆಗೆ ಎಲ್‌ಡಬ್ಲ್ಯು-16702 ಅನ್ನುವ ಸೇರ್ಪಡೆ ಕಡ್ಡಾಯ ಮಾಡಿದ್ದಾರೆ. ಲೈಕಮಿಂಗ್‌ಗಳಲ್ಲಿ ಕ್ಯಾಮ್ ಇರುವುದು ಮೇಲೆ. ವಿಮಾನ ನಿಂತರೆ ಎಣ್ಣೆಯೆಲ್ಲ ಕೆಳಗಿಳಿದು ಕ್ಯಾಮ್ ಒಣಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಮ್ಮ ವಿಮಾನ ಎಷ್ಟು ಹಾರುತ್ತದೆ? ನಮ್ಮ ಮಳೆಗಾಲದ ತೇವದಲ್ಲಿ ನಿಂತ ಕ್ಯಾಮ್ ಮೇಲೆ ತುಕ್ಕಿನ ಚುಕ್ಕಿ ಏಳುತ್ತದೆ. ಮುಂದಿನ ಸೀಸನ್‌ನಲ್ಲಿ ಆ ಚುಕ್ಕಿ ಮರಳುಕಾಗದದ ಹಾಗೆ ಟ್ಯಾಪೆಟ್‌ ತಿನ್ನುತ್ತದೆ. ಕ್ಯಾಮ್‌ನ ಮೂಗು ಸವೆದು ವಾಲ್ವ್ ಪೂರ್ತಿ ತೆರೆಯದೆ ಹೋಗುತ್ತದೆ. ಕಂಪ್ರೆಷನ್ ಕಾಗದದಲ್ಲಿ ಎಲ್ಲ ಚೆಂದ, ಏರುವಾಗ ಉಸಿರು ಕಟ್ಟುತ್ತದೆ.

ವಾರಕ್ಕೊಮ್ಮೆ ಹ್ಯಾಂಗರ್ ಮುಂದೆ ಹತ್ತು ನಿಮಿಷ ಸ್ಟಾರ್ಟ್ ಮಾಡಿದರೆ ಸಾಕು ಅನ್ನುವವರಿದ್ದಾರೆ. ಅದು ಇನ್ನೂ ಕೆಟ್ಟದ್ದು. ಉರಿದು ಹುಟ್ಟಿದ ನೀರು ಎಣ್ಣೆಗೆ ಸೇರುತ್ತದೆ, ಆವಿಯಾಗಿ ಹೋಗುವಷ್ಟು ಎಣ್ಣೆ ಕಾಯುವುದಿಲ್ಲ. ಮೂವತ್ತು ದಿನದೊಳಗೆ ಒಮ್ಮೆಯಾದರೂ ಎಣ್ಣೆ 74ರಿಂದ 93 ಡಿಗ್ರಿ ಮುಟ್ಟುವ ಹಾಗೆ ಒಂದು ಗಂಟೆ ಹಾರಿಸಬೇಕು. ಆಗದಿದ್ದರೆ ಸಂರಕ್ಷಣೆ ಎಣ್ಣೆ ಹಾಕಿ ಪದ್ಧತಿ ಪ್ರಕಾರ ಮುಚ್ಚಿಡಬೇಕು.

ನಿಮ್ಮ ಎಎಂಇಗೆ (ವಿಮಾನ ನಿರ್ವಹಣೆಯ ಎಂಜಿನಿಯರ್) ಹೀಗೆ ಹೇಳಿ. ರಾಕರ್ ಕವರ್ ಬಿಚ್ಚಿ, ಡಯಲ್ ಗೇಜ್ ಇಟ್ಟು, ಪ್ರೊಪೆಲರನ್ನು ಕೈಯಲ್ಲಿ ತಿರುಗಿಸುತ್ತ ಎಂಟೂ ವಾಲ್ವ್‌ಗಳ ಏರಿಳಿತ ಅಳೆಯಲಿ. ಕಿಡಿ ಹುಟ್ಟಿಸುವ ಮ್ಯಾಗ್ನೆಟೋ ಆಫ್ ಆಗಿದೆ, ಸ್ಪಾರ್ಕ್ ಪ್ಲಗ್ ಬಿಚ್ಚಿದೆ ಅಂತ ಖಾತ್ರಿ ಮಾಡಿಕೊಂಡ ಮೇಲೆಯೇ ಪ್ರೊಪೆಲರ್ ಮುಟ್ಟುವುದು. ಒಂದು ವಾಲ್ವ್ ಉಳಿದವಕ್ಕಿಂತ ಗಿಡ್ಡವಾಗಿ ಏಳುತ್ತಿದ್ದರೆ ಕಳ್ಳ ಸಿಕ್ಕಿದ. ಎಣ್ಣೆ ಫಿಲ್ಟರ್ ಕತ್ತರಿಸಿ, ಮಡಿಕೆ ಬಿಡಿಸಿ, ಆಯಸ್ಕಾಂತ ಆಡಿಸಿ ನೋಡಲಿ.

ಅದೇ ದಿನ ನೋಡಬೇಕಾದ ಇನ್ನಷ್ಟಿವೆ. ಒಳಗೆ ಥ್ರಾಟಲ್ ಪೂರ್ತಿ ಒತ್ತಿದಾಗ ಕಾರ್ಬ್ಯುರೇಟರ್ ಕಡೆಯ ತೋಳು ಕೊನೆಯ ತಡೆಗೆ ತಾಗುತ್ತದಾ? ಕಾರ್ಬ್ ಹೀಟ್ (ಕಾರ್ಬ್ಯುರೇಟರ್‌ಗೆ ಬಿಸಿಗಾಳಿ ಕೊಡುವ ದಾರಿ) ಮುಚ್ಚುವ ತಗಡಿನ ಬಾಗಿಲು ಸೊಟ್ಟಗಾಗಿ ಬಿಸಿಗಾಳಿ ಸದಾ ಒಳಗೆ ಹೋಗುತ್ತಿದೆಯಾ? ಕಾರ್ಬ್ ಹೀಟ್ ಎಳೆದಾಗ ಆರ್‌ಪಿಎಂ ಮಾಮೂಲಿಗಿಂತ ಕಡಿಮೆ ಬಿದ್ದರೆ ಆ ಅನುಮಾನ ಪಡಬೇಕು. ಮ್ಯಾಗ್ನೆಟೋ ಟೈಮಿಂಗ್, ಏರ್ ಫಿಲ್ಟರ್ ಹೇಗಿವೆ?

ಎಲ್ಲರೂ ಮರೆಯುವುದು ಮಫ್ಲರ್. ಒಳಗಿನ ತಗಡಿನ ಕೊಳವೆಗಳು ವರ್ಷಾನುಗಟ್ಟಲೆ ಕಾದು ಕಾದು ಮುರಿಯುತ್ತವೆ. ಮುರಿದ ತುಂಡು ಹೊಗೆ ಹೋಗುವ ಬಾಯಿಗೆ ಅಡ್ಡ ಬಂದು ಕೂರುತ್ತದೆ. ಕೆಲವೊಮ್ಮೆ ಜಾರಿ ಪಕ್ಕಕ್ಕೆ ಹೋಗುತ್ತದೆ. ಹಾಗಾಗಿ ಒಂದು ದಿನ ವಿಮಾನ ಚೆನ್ನಾಗಿ ಏರುತ್ತದೆ, ಇನ್ನೊಂದು ದಿನ ಇಲ್ಲ. ಜುಹೂವಿನಲ್ಲಿ ಇಂಥದೊಂದು ವಿಮಾನ ನನ್ನ ಕೈಗೆ ಬಂದಿತ್ತು. ಮಾಲೀಕರು ಸ್ಟೋಲ್ ಕಿಟ್‌ಗೆ ಕೊಟೇಷನ್ ತರಿಸಿಟ್ಟುಕೊಂಡಿದ್ದರು. ತಣ್ಣಗಿದ್ದಾಗ ಟೈಲ್‌ಪೈಪ್ ಒಳಗೆ ಟಾರ್ಚ್ ಬಿಟ್ಟು ನೋಡಿದರೆ, ಅಂಗೈಯಗಲದ ಬೂದುಬಣ್ಣದ ತಗಡು ಬಾಯಿಗೆ ಓರೆಯಾಗಿ ಒರಗಿತ್ತು. ಮಫ್ಲರ್‌ಗೆ ಅಂಗೈಯಿಂದ ಗುದ್ದಿದರೆ ಗಲಗಲ ಸದ್ದು. ಆ ಕೊಟೇಷನ್ ಹಾಗೇ ಉಳಿಯಿತು. ಮುರಿದ ಮಫ್ಲರ್ ಬರೀ ಶಕ್ತಿಯ ಪ್ರಶ್ನೆಯಲ್ಲ. ಕ್ಯಾಬಿನ್ ಹೀಟರ್‌ನ ಗಾಳಿ ಅದರ ಮೈ ಸುತ್ತಿಯೇ ಬರುವುದು. ಬಿರುಕು ಬಿಟ್ಟಿದ್ದರೆ ಕಾರ್ಬನ್ ಮೊನಾಕ್ಸೈಡ್ ಒಳಗೆ ಬರುತ್ತದೆ.

ಕೊನೆಗೆ ಪ್ರೊಪೆಲರ್. ನಿಂತಲ್ಲೇ ಪೂರ್ತಿ ಥ್ರಾಟಲ್ ಕೊಟ್ಟರೆ ನಿಮ್ಮದು 2,280ರಿಂದ 2,400 ಆರ್‌ಪಿಎಂ ತೋರಿಸಬೇಕು. ಡ್ಯಾಶ್‌ಬೋರ್ಡಿನ ಹಳೆ ಮೀಟರ್ ನಂಬಬೇಡಿ, ಫೋಟೋ ಟ್ಯಾಕೋಮೀಟರ್ ಹಿಡಿದು ಅಳೆಯಿರಿ. ಬಿಸಿಲಿಗೆ ಈ ಅಂಕಿ ಹೆಚ್ಚು ಬೀಳುವುದಿಲ್ಲ, ಯಾಕೆಂದರೆ ಗಾಳಿ ತೆಳುವಾದಾಗ ಎಂಜಿನ್ ಸೊರಗಿದಷ್ಟೇ ಪ್ರೊಪೆಲರ್‌ನ ಹೊರೆಯೂ ಇಳಿಯುತ್ತದೆ. 2,280ಕ್ಕಿಂತ ಕೆಳಗೆ ಬಂದರೆ ಎಂಜಿನ್ ಸೋತಿದೆ, ಇಲ್ಲವೇ ಯಾರೋ ಯಾವಾಗಲೋ ಬೇರೆ ಪಿಚ್‌ನ ಪ್ರೊಪೆಲರ್ ಹಾಕಿದ್ದಾರೆ.

ಎಲ್ಲ ಸರಿಪಡಿಸಿದ ಮೇಲೂ ಸಾಲದಿದ್ದರೆ

ಆಗ ನಾನು ಮೊದಲು ಯೋಚಿಸುವುದು ಕಡಿಮೆ ಪಿಚ್‌ನ ಪ್ರೊಪೆಲರ್. ಏರುವಾಗ ಎಂಜಿನ್ ಜಾಸ್ತಿ ಆರ್‌ಪಿಎಂಗೆ ಹೋಗುತ್ತದೆ, ಅಷ್ಟೇ ಜಾಸ್ತಿ ಶಕ್ತಿ ಕೊಡುತ್ತದೆ. ನಿಮ್ಮ ಮಾಡೆಲ್‌ಗೆ ಒಪ್ಪಿಗೆ ಇರುವ ಪಿಚ್‌ಗಳ ಒಳಗೇ ಇರಬೇಕು. ಇದಕ್ಕೆ ಬೆಲೆ ತೆರುವುದು ಪ್ರಯಾಣದ ವೇಗದಲ್ಲಿ. ಗೋವಾಕ್ಕೆ ಹೋಗುವ ದಾರಿಯಲ್ಲಿ ಕೆಲವು ನಾಟ್ ಕಳೆದುಕೊಳ್ಳುತ್ತೀರಿ. ಮಟ್ಟವಾಗಿ ಹಾರುವಾಗ ಮೈಮರೆತರೆ 2,700 ದಾಟುವ ಅಪಾಯವೂ ಇದೆ.

ಅದಕ್ಕಿಂತ ದೊಡ್ಡ ಹೆಜ್ಜೆ ಅಂದರೆ 180 ಹಾರ್ಸ್‌ಪವರ್ ಎಂಜಿನ್. ಓವರ್‌ಹಾಲ್ ಸಮಯ ಹೇಗೂ ಹತ್ತಿರ ಬಂದಿದ್ದರೆ ಮಾತ್ರ ಇದಕ್ಕೆ ಅರ್ಥ. ಏರುವುದಕ್ಕೆ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡುವ ಬದಲಾವಣೆ ಇದೇ. ಆದರೆ ಒಂದು ಬಲೆ ಇದೆ. ಇಂಥ ಕೆಲವು ಬದಲಾವಣೆಗಳ ಜತೆಗೆ ಗರಿಷ್ಠ ತೂಕವನ್ನು 2,550 ಪೌಂಡ್‌ಗೆ ಏರಿಸುವ ಅನುಮತಿಯೂ ಬರುತ್ತದೆ, ಫ್ಲಾಪ್ (ಇಳಿಯುವಾಗ ಕೆಳಕ್ಕೆ ಬಾಗಿಸುವ ರೆಕ್ಕೆಯ ಹಿಂಬದಿ) ಮಾತ್ರ 30 ಡಿಗ್ರಿಗೆ ನಿಲ್ಲುತ್ತದೆ. ತೂಕ ಹೊರಬಹುದು ಅಂತ ನಾಲ್ಕನೆಯವರನ್ನೂ ಹತ್ತಿಸಿಕೊಂಡರೆ ಗಳಿಸಿದ್ದೆಲ್ಲ ಅಲ್ಲಿಗೇ ಹೋಯಿತು.

ವಿಜಿ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ನಿಧಾನ ಹಾರಾಟದಲ್ಲಿ ಒಂದಿಷ್ಟು ಸುರಕ್ಷತೆ ಬೇಕು ಅನ್ನಿಸಿದರೆ ಹಾಕಿಸಿ, ಏರುತ್ತದೆ ಅಂತ ಹಾಕಿಸಬೇಡಿ. ತೊಳೆಯುವ ಹುಡುಗರಿಗೆ ಹೇಳಿಡಿ, ಬಟ್ಟೆ ಸಿಕ್ಕಿಕೊಂಡು ಅವು ಕಿತ್ತು ಬರುತ್ತವೆ. ಹೆಚ್ಚೆಂದರೆ ಎಷ್ಟು ಬಿದ್ದಿದ್ದರೆ ಹಾರಬಹುದು ಅನ್ನುವ ಮಿತಿ ಅದರ ಪೂರಕ ಪುಟಗಳಲ್ಲಿರುತ್ತದೆ.

ಏನೇ ಹಾಕಿಸಿದರೂ ಕಾಗದ ಸರಿ ಇರಬೇಕು. ಅಮೆರಿಕದ ಎಸ್‌ಟಿಸಿ (ವಿಮಾನದ ಮಾರ್ಪಾಡಿಗೆ ಕೊಡುವ ಒಪ್ಪಿಗೆ ಪತ್ರ) ಇದೆ ಅಂತ ಮಾರುವವರು ಪ್ರಿಂಟ್ ತೋರಿಸುತ್ತಾರೆ. ನಿಮ್ಮದೇ ವಿಮಾನದ ಮೇಲೆ ಅದನ್ನು ಬಳಸಲು ಎಸ್‌ಟಿಸಿ ಮಾಲೀಕರ ಲಿಖಿತ ಅನುಮತಿ ಬೇಕು. ವಿಟಿ ಅಕ್ಷರ ಹೊತ್ತ, ಅಂದರೆ ಭಾರತದಲ್ಲಿ ನೋಂದಾಯಿಸಿದ, ವಿಮಾನಕ್ಕೆ ವಿಮಾನಯಾನ ನಿಯಂತ್ರಕರಾದ ಡಿಜಿಸಿಎ ಒಪ್ಪಿಗೆ ಬೇಕು. ಲಾಗ್‌ಬುಕ್ ನಮೂದು, ಹೊಸ ತೂಕದ ಕಾಗದ, ಫ್ಲೈಟ್ ಮ್ಯಾನ್ಯುಯಲ್‌ಗೆ ಪೂರಕ ಪುಟ ಇವಿಲ್ಲದಿದ್ದರೆ ಹಾರಾಟ ಯೋಗ್ಯತೆ ಪತ್ರವೂ ವಿಮೆಯೂ ಹೆಸರಿಗೆ ಮಾತ್ರ. ಒಂದಕ್ಕಿಂತ ಹೆಚ್ಚು ಬದಲಾವಣೆ ಮಾಡಿದರೆ ಅವು ಒಂದಕ್ಕೊಂದು ಹೊಂದುತ್ತವಾ ಅಂತ ನೋಡುವ ಹೊಣೆ ಕೂರಿಸುವವರ ಮೇಲಿದೆ. ಅದನ್ನು ಬರಹದಲ್ಲಿ ಕೇಳಿ ಪಡೆಯಿರಿ.

ಘಟ್ಟದ ಬಗ್ಗೆ ಒಂದು ಮಾತು. ಬೇಸಿಗೆಯ ಮಧ್ಯಾಹ್ನ ಗಾಳಿ ಕಡಲಿನಿಂದ ಬೀಸಿ ಸಹ್ಯಾದ್ರಿಯ ಪಡುವಣ ಮೈಯಲ್ಲಿ ಮೇಲೇರುತ್ತದೆ, ಮೂಡಣ ಮಗ್ಗುಲಲ್ಲಿ ಕೆಳಗೆ ಬೀಳುತ್ತದೆ. ನೀವು ಕೊಂಕಣದ ಕಡೆ ಹೋಗುವಾಗ ಬೆಟ್ಟಸಾಲು ಸಿಗುವ ಸ್ವಲ್ಪ ಮೊದಲೇ ಆ ಬೀಳುಗಾಳಿ ಸಿಗುತ್ತದೆ. ಅದು ನಿಮಿಷಕ್ಕೆ 500 ಅಡಿಗಿಂತ ಜೋರಾಗಿರುವುದು ಅಪರೂಪವಲ್ಲ. ನಿಮ್ಮ ಪೂರ್ತಿ ಏರುಶಕ್ತಿಗಿಂತ ಅದು ಜಾಸ್ತಿ. ಹಾಗಾಗಿ ಬೆಟ್ಟದ ಹತ್ತಿರ ಹೋಗಿ ಏರಲು ಶುರುಮಾಡಬೇಡಿ. ಬಯಲಿನ ಮೇಲೆಯೇ ಬೇಕಾದ ಎತ್ತರ ಗಳಿಸಿ, ಸಾಲನ್ನು ನೇರ ಅಲ್ಲದೆ 45 ಡಿಗ್ರಿ ಓರೆಯಲ್ಲಿ ಸಮೀಪಿಸಿ. ಕೆಳಗೆ ಎಳೆದರೆ ತಿರುಗಿ ಬರುವುದು ಸುಲಭ. ಬೆಳಿಗ್ಗೆ ಏಳಕ್ಕೇ ಹೊರಟರೆ ಈ ತಾಪತ್ರಯದ ಮುಕ್ಕಾಲು ಭಾಗ ಇರುವುದೇ ಇಲ್ಲ. ಹೋಟೆಲ್‌ನವರಿಗೆ ಬೆಳಿಗ್ಗೆ ಏಳುವುದನ್ನು ನಾನು ಹೇಳಿಕೊಡಬೇಕಾಗಿಲ್ಲ.

ಈಗ ಮಾಡಬೇಕಾದ್ದು ಇಷ್ಟು. ಒಂದು ತಣ್ಣನೆಯ, ಗಾಳಿಯಿಲ್ಲದ ಬೆಳಿಗ್ಗೆ ಆಲ್ಟಿಮೀಟರನ್ನು (ಎತ್ತರ ತೋರಿಸುವ ಮೀಟರ್) 1013 ಹೆಕ್ಟೋಪಾಸ್ಕಲ್‌ಗೆ ಇಟ್ಟು, ಪುಸ್ತಕ ಹೇಳಿದ ವೇಗದಲ್ಲಿ 3,000ದಿಂದ 5,000 ಅಡಿಗೆ ಏರಿ. ಗಡಿಯಾರ ಹಿಡಿದು ಅಳೆಯಿರಿ. ಏರುವಿಕೆ ತೋರಿಸುವ ಮುಳ್ಳು ಮಧ್ಯಾಹ್ನದ ಬಿಸಿಗಾಳಿಯಲ್ಲಿ ಸುಮ್ನೆ ಕುಣಿಯುತ್ತದೆ, ಅದನ್ನು ನೆಚ್ಚಬೇಡಿ. ಹೊರಗಿನ ತಾಪ, ಏರುವಾಗಿನ ಆರ್‌ಪಿಎಂ ಬರೆದಿಟ್ಟುಕೊಳ್ಳಿ. ಆ ಸಮಯ, ತಕ್ಕಡಿ ಕೊಟ್ಟ ತೂಕ, ನಿಂತಲ್ಲೇ ಸಿಕ್ಕ ಆರ್‌ಪಿಎಂ, ಎಂಟು ವಾಲ್ವ್‌ಗಳ ಅಳತೆ ಎಲ್ಲವನ್ನೂ ಕಳಿಸಿ. ಪ್ರೊಪೆಲರ್ ಬದಲಿಸಬೇಕಾ ಬೇಡವಾ ಅಂತ ಆಗ ಹೇಳುತ್ತೇನೆ.